ತೆಹ್ಮಿಯ ಹೆಸರಿನ ಹೂದಾನಿ

ನವಸಾರಿ
೧೯೭೪ನೇ ಇಸವಿ ಜುಲೈ ೨೯, ಸೋಮವಾರ

ಉದ್ವಾಡೆಯಲ್ಲಿ ತಂಗಿಯ ಮನೆಯಲ್ಲಿ ವಾಸವಾಗಿರುವ ಪ್ರಿಯ ಜರ್ಬಾಯಿಗೆ,

ಕೆಳಗೆ ರುಜು ಮಾಡಿರುವ ನಿನ್ನ ಪತಿ ಬರ್ಜೋರ್ಜಿ, ಸ್ವಸ್ಥಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಅರಿಕೆ ಮಾಡಿಕೊಳ್ಳುವುದೇನೆಂದರೆ: ಸತ್ತವರನ್ನು ನೆನೆಯುವ ಈ ವರ್ಷದ ಮುಕ್ತಾದಿನ ಹತ್ತು ದಿನಗಳಲ್ಲಿ ನಮ್ಮ ಮಗಳು ತೆಹ್ಮಿಯ ಹೆಸರಿನ ಹೂದಾನಿಯನ್ನು ನಮ್ಮ ಅಗ್ನಿಮಂದಿರವಾದ ಅಗಿಯಾರಿಯ ಮೇಜಿನ ಮೇಲೆ ಇಡಿಸಿಯೇ ತೀರುವುದೆಂದು ನಿಶ್ಚಯಿಸಿದ್ದೇನೆ. ಇಪ್ಪತ್ತೊಂದು ವರ್ಷ ಮಾತು ಬಿಟ್ಟ ಹೆಂಡತಿಗೆ ಹೀಗೆ ಬರೆಯುವುದು ಸರಿಯಲ್ಲವೆಂದು ಬಲ್ಲೆ. ಆದರೆ ಮೂವತ್ತಾರು ವರ್ಷ ಕಚೇರಿಯ ಜಗಲಿಯಲ್ಲಿ ಕುಳಿತು ಊರವರ ಅಹವಾಲುಗಳನ್ನು ಬರೆದ ಕೈಗೆ ಬೇರೆ ಧಾಟಿ ಒಗ್ಗುವುದಿಲ್ಲ.

ಹೋದ ವಾರ ಅಗಿಯಾರಿಗೆ ಹೋಗಿದ್ದೆ. ಈಗಿನ ಪೂಜಾರಿ ಫರಾಮ್ರೋಜ್ ಹೊಸ ಕಾಲದವನು. ತೆಹ್ಮಿಯ ಹೆಸರು ಹೇಳಿದಾಗ ಮುಖ ಸಿಂಡರಿಸದೆ, ಗುಲಾಬಿ ಇಡೋಣವೇ ಸುಗಂಧರಾಜ ಇಡೋಣವೇ ಎಂದು ಕೇಳಿದ. ಅಡ್ಡಿ ಬಂದದ್ದು ಅವನಿಂದಲ್ಲ. ನಮ್ಮ ಪಾರ್ಸಿ ಪಂಗಡದ ಅಂಜುಮನ್ನಿನ ಮುಖಂಡ ನಾದಿರ್ಶಾ ಕಪಾಟಿನಿಂದ ಹಳೆಯ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟ. ಪರಧರ್ಮದವನನ್ನು ವರಿಸಿ ತೀರಿಕೊಂಡ ತೆಹ್ಮಿನಾ ಎಂಬಾಕೆಯ ಹೆಸರನ್ನು ಮೃತರ ಪಟ್ಟಿಯಲ್ಲಿ ಎಂದೆಂದಿಗೂ ಸೇರಿಸತಕ್ಕದ್ದಲ್ಲವೆಂದು ಅಂಜುಮನ್ನಿಗೆ ಸಲ್ಲಿಸಿದ್ದ ಅರ್ಜಿ ಅದು.

"ಓದಿ ಸಾಹೇಬ್ರೆ. ಕನ್ನಡಕ ಬೇಕಿದ್ರೆ ನಂದು ಕೊಡ್ತೀನಿ. ಇಷ್ಟು ದುಂಡನೆ ಅಕ್ಷರ ಈ ಊರಲ್ಲಿ ಇನ್ಯಾರದ್ದು?" ಎಂದ ನಾದಿರ್ಶಾ.

ಹೌದು ಜರ್, ಅದು ನನ್ನ ಅರ್ಜಿ. ಮಗಳ ಪರವಾಗಿ ಬೇಡಿಕೊಂಡೆ, ಅಗಿಯಾರಿಯವರು ತಳ್ಳಿಹಾಕಿದರು ಎಂದು ಅಂದು ನಿನಗೆ ಹೇಳಿದ್ದು ಸುಳ್ಳು. ಅವರು ಏನನ್ನೂ ತಳ್ಳಿಹಾಕಲಿಲ್ಲ. ನಾನು ಕೇಳಿದ್ದನ್ನೇ ಕೊಟ್ಟರು. ಅವರು ಒಂದು ಸಲ ಒಲ್ಲೆವೆಂದರೇನು, ಮತ್ತೆ ಬರೆಯಬಾರದೇ ಎಂದು ನೀನು ಪಟ್ಟು ಹಿಡಿದೆ. ನಾನು ಲೇಖನಿ ಎತ್ತಲಿಲ್ಲ. "ಊರಿಗೆಲ್ಲ ಬರೀತೀರಿ, ಮಗಳಿಗೆ ಮಾತ್ರ ನಿಮ್ಮ ಶಾಯಿ ಒಣಗಿತಾ?" ಎಂದು ಕೇಳಿ ನೀನು ಉದ್ವಾಡೆಯ ರೈಲು ಹತ್ತಿದೆ. ಶಾಯಿ ಒಣಗಿರಲಿಲ್ಲ. ಆ ಅರ್ಜಿಯಲ್ಲಿ ಒಂದು ಅಕ್ಷರವನ್ನೂ ಹೊಡೆದು ತಿದ್ದಿದ ಗುರುತಿಲ್ಲ.

ಅದನ್ನು ರದ್ದುಪಡಿಸಬೇಕಾದರೆ ಮುಕ್ತಾದಿನ ಮೊದಲ ದಿನ, ಪ್ರಾರ್ಥನೆ ಮುಗಿದ ಮೇಲೆ, ನೆರೆದವರೆಲ್ಲರ ಮುಂದೆ ನಿಂತು ಹಳೆಯ ಅರ್ಜಿಯನ್ನು ನಾನೇ ಗಟ್ಟಿಯಾಗಿ ಓದಿ, ಇದು ತಪ್ಪು ಎಂದು ಹೇಳಬೇಕಂತೆ. ಒಪ್ಪಿದೆ. ನಾದಿರ್ಶಾ ನನ್ನ ಮೇಲೆ ಮರುಕಪಟ್ಟ.

"ಬಿಡಿ ಬರ್ಜೋರ್ಜಿ, ಎಂಬತ್ತರ ಹತ್ರ ಬಂದಿದೀರಿ. ಈ ವಯಸ್ಸಲ್ಲಿ ಯಾಕೆ ಮಾನ ಕಳ್ಕೋತೀರಿ? ಸತ್ತೋಳಿಗೆ ಹೂವಿಟ್ಟಿದ್ದು ಗೊತ್ತಾಗುತ್ತಾ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾಲ್ಕು ದಿನ ಕಳೆದೆ. ಗೊತ್ತಾಗುವುದಾದರೆ, ವರ್ಷದ ಆ ಹತ್ತು ದಿನ ಸತ್ತವರೆಲ್ಲ ತಮ್ಮವರನ್ನು ಕಾಣಲು ಬರುವುದು ನಿಜವಾದರೆ, ಇಪ್ಪತ್ತೊಂದು ಸಲ ತೆಹ್ಮಿ ಬಂದಿದ್ದಾಳೆ. ನನ್ನ ತಾಯಿಯ ಹೆಸರು, ಅಣ್ಣನ ಹೆಸರು, ನಿನ್ನ ತವರಿನವರ ಹೆಸರು ಕೇಳಿಸಿಕೊಂಡಿದ್ದಾಳೆ. ತನ್ನದು ಬರಲಿಲ್ಲವೆಂದು ಹೊಸ್ತಿಲಿಂದಲೇ ತಿರುಗಿದ್ದಾಳೆ. ಗೊತ್ತಾಗದಿದ್ದರೆ ಆ ಹೂವು ಯಾರಿಗೂ ಅಲ್ಲ, ಒಪ್ಪುತ್ತೇನೆ. ಆದರೂ ನಾನು ಬರೆದದ್ದು ಕಪಾಟಿನಲ್ಲಿ ಇದ್ದೇ ಇರುತ್ತದೆ. ಕಚೇರಿಯಲ್ಲಿ ನಾನು ಕಲಿತ ಕಾನೂನು ಇಷ್ಟೇ: ಆರೋಪಿ ಸತ್ತರೆ ಮೊಕದ್ದಮೆ ಮುಗಿಯುತ್ತದೆ, ನೊಂದವರು ಸತ್ತರೆ ಮುಗಿಯುವುದಿಲ್ಲ. ತೆಹ್ಮಿ ಸತ್ತಿದ್ದಾಳೆ. ನಾನು ಇನ್ನೂ ಬದುಕಿದ್ದೇನೆ.

ಸತ್ತ ನಾಲ್ಕನೆಯ ದಿನದ ಬೆಳಗಿನಲ್ಲಿ, ಪರಲೋಕಕ್ಕೆ ದಾಟುವ ಸೇತುವೆಯ ಬಳಿ, ಅವರವರ ನಡತೆಯೇ ಹೆಣ್ಣಿನ ರೂಪ ತಾಳಿ ಅವರವರಿಗೆ ಎದುರಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ನನಗೆ ಎದುರಾಗುವವಳ ಮುಖ ಯಾರದೆಂದು ನನಗೆ ತಿಳಿದಿದೆ. ಆ ಸೇತುವೆ ಬರಿಯ ಮಾತೇ ಆಗಿದ್ದರೂ ಆ ಮುಖ ಸುಳ್ಳಲ್ಲ. ಕ್ಷೌರಕ್ಕೆ ಕುಳಿತಾಗ ಕನ್ನಡಿಯಲ್ಲಿ, ನನ್ನ ಮುಖದ ಹಿಂದೆ, ಈಗಲೇ ಕಾಣುತ್ತಿದೆ. ಆದ್ದರಿಂದ ಅಲ್ಲಿ ಏನಿದೆ ಎಂಬ ವಿಚಾರಣೆಯನ್ನು ಅಲ್ಲಿಯವರಿಗೇ ಬಿಟ್ಟು, ಇಲ್ಲಿ ನನ್ನಿಂದ ಆಗತಕ್ಕದ್ದನ್ನು ಮುಗಿಸುತ್ತೇನೆ.

ಆಗಸ್ಟ್ ೧೮ರ ಭಾನುವಾರ ಬೆಳಗ್ಗೆ ಓದುವುದು. ಪೂಜಾರಿ ಅವಳ ಹೆಸರಿನೊಡನೆ ತಂದೆಯ ಹೆಸರನ್ನೂ ಸೇರಿಸಿ ಹೇಳುತ್ತಾನೆ. ಆ ಹೊತ್ತಿಗೆ ನೀನು ಅಲ್ಲಿ ಇರಬೇಕೆಂಬುದೇ ನನ್ನ ಪ್ರಾರ್ಥನೆ. ನನ್ನ ಪಕ್ಕದಲ್ಲಿ ನಿಲ್ಲೆಂದು ಕೇಳುವ ಹಕ್ಕು ನನಗಿಲ್ಲ. ಹೆಂಗಸರ ಸಾಲಿನಲ್ಲಿ ನಿಂತರೆ ಸಾಕು.

ಬೇಡಲು ಈಗ ಕಲಿಯುತ್ತಿರುವ
ನಿನ್ನ ಬರ್ಜೋರ್ಜಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬಾರದ್ದು: ತೆಹ್ಮಿ ತೀರಿಕೊಳ್ಳುವುದಕ್ಕೆ ನಾಲ್ಕು ದಿನ ಮೊದಲು, ನೀನು ಹಿತ್ತಲಿನಲ್ಲಿ ಮೀನು ಒಣಹಾಕುತ್ತಿದ್ದಾಗ, ಯಾರೋ ಬಾಗಿಲು ಬಡಿದರು. ಯಾರೆಂದು ನೀನು ಅಲ್ಲಿಂದಲೇ ಕೂಗಿ ಕೇಳಿದೆ. ಅರ್ಜಿ ಬರೆಸುವವರು ಎಂದೆ. ಬಂದಿದ್ದವನು ಅವಳ ಗಂಡ ಹರ್ಷದ್. "ಅಮ್ಮನ್ನ ಕೇಳ್ತಿದಾಳೆ, ಸೂರತ್‌ನಿಂದ ಗಾಡಿ ತಂದಿದೀನಿ, ಕಳಿಸಿಕೊಡಿ" ಎಂದ. ಬಾಗಿಲು ಹಾಕಿದೆ. ಇದು ಯಾವ ಅರ್ಜಿಯಲ್ಲೂ ಇಲ್ಲ. ಆ ಭಾನುವಾರ ಎಲ್ಲರ ಮುಂದೆ ಇದನ್ನೂ ಹೇಳುತ್ತೇನೆ. ಅವರಿಗಿಂತ ಮೊದಲು ನಿನಗೆ ತಿಳಿಯತಕ್ಕದ್ದು. ಇದನ್ನು ಓದಿದ ಮೇಲೆ ನೀನು ಬರದಿದ್ದರೂ ನಾನು ಎದ್ದು ನಿಲ್ಲುತ್ತೇನೆ.