ಬಿಳಿ ಬಳೆ ತೊಟ್ಟ ಒಣಮರಗಳು

ಹಾಸ್ಟೆಲ್, ಎರಡನೇ ಮಹಡಿ
ಫೆಬ್ರವರಿ ೧೦, ಮಂಗಳವಾರ

ಪ್ರೀತಿಯ ತಾತನಿಗೆ,

ಆಪರೇಷನ್ ಆಗಿ ವಾರವೂ ಆಗಿಲ್ಲ, ಅಷ್ಟರಲ್ಲೇ ಕಾಗದ ಬರೆದು ನಿಮ್ಮ ತಲೆ ತಿನ್ನುತ್ತಿದ್ದೇನೆ, ಕ್ಷಮಿಸಿ. ಕಿವಿಯ ಕಟ್ಟು ಬಿಚ್ಚುವವರೆಗೆ ನಿಮ್ಮ ಕೈಗೆ ಫೋನ್ ಕೊಡುವುದಿಲ್ಲ ಅಂತ ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ನಾಳೆ ಚಿಕ್ಕಪ್ಪ ನಿಮ್ಮನ್ನು ನೋಡಲು ಅಲ್ಲಿಗೆ ಬರುತ್ತಾರಲ್ಲ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಕನ್ನಡದಲ್ಲಿ ಇಷ್ಟುದ್ದ ಬರೆದು ಎಷ್ಟೋ ದಿನವಾಯಿತು. ಹೋದ ಸಲದ ಹಾಗೆ ತಪ್ಪುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಬೇಡಿ.

ನೋವು ಕಡಿಮೆಯಾಗಿದೆಯಾ? ನಿದ್ದೆ ಬರುತ್ತಿದೆಯಾ? ಆಪರೇಷನ್ ಆದ ಪಕ್ಕಕ್ಕೆ ಮಲಗಬೇಡಿ. ಅತ್ತೆ ಮನೆಯ ಬೆಕ್ಕಿಗೂ ನಿಮಗೂ ರಾಜಿ ಆಯಿತೋ ಇಲ್ಲವೋ, ಅಜ್ಜಿಯನ್ನು ಕೇಳಬೇಕು. ನಾನು ಚೆನ್ನಾಗಿದ್ದೇನೆ. ಕ್ಲಾಸಿನಲ್ಲಿ ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ. ಹಾಜರಿ ಕೂಗಿದಾಗ ‘ಯೆಸ್ ಮೇಡಂ’ ಅನ್ನುವುದನ್ನೂ ಮನಸ್ಸಿನಲ್ಲೇ ಒಮ್ಮೆ ಪ್ರಾಕ್ಟೀಸ್ ಮಾಡಿಕೊಂಡು ಹೇಳುತ್ತೇನೆ. ನಿಮ್ಮ ಮೊಮ್ಮಗಳು ಅಂತ ಇಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲ ಮರದ ಹೆಸರನ್ನೂ ನನ್ನನ್ನೇ ಕೇಳುತ್ತಾರೆ ಅಂತ ಟೆನ್ಷನ್.

ಈಗ ವಿಷಯ. ಗಟ್ಟಿಮರದ ಕಾಡನ್ನು ನೀವು ಜೀವಮಾನವೆಲ್ಲ ಕಾಪಾಡಿದ್ದಕ್ಕೆ ಮುಂದಿನ ತಿಂಗಳು ನಮ್ಮ ಅರಣ್ಯ ಕಾಲೇಜಿನಲ್ಲಿ ನಿಮಗೆ ಸನ್ಮಾನ, ಅಷ್ಟು ನಿಮಗೆ ಗೊತ್ತು. ಗೊತ್ತಿಲ್ಲದ್ದು ಉಡುಗೊರೆಯ ಸಂಗತಿ. ಅದು ಸರ್‌ಪ್ರೈಸ್, ಅದನ್ನು ನಾನು ಹಾಳು ಮಾಡಲೇಬೇಕಾಗಿದೆ. ನಿಮ್ಮ ಕಾಡಿನ ಮರದಲ್ಲೇ ನಿಮಗೊಂದು ಕುರ್ಚಿ ಮಾಡಿಸುತ್ತಾರಂತೆ. ನಿನ್ನೆ ಮೀಟಿಂಗಿನಲ್ಲಿ ಹೊಸ ರೇಂಜರ್ ಎದ್ದು ನಿಂತು, “ಹಸಿ ಮರ ಒಂದೂ ಮುಟ್ಟಲ್ಲ. ಒಣಗಿ ನಿಂತಿರೋವು ಸುಮಾರಿವೆ. ಕಡಿಯೋಕೆ ಅಂತ ಹಳೇ ರೇಂಜರ್ ಸಾಹೇಬ್ರೇ ಬಿಳಿ ಗುರುತು ಹಾಕಿಟ್ಟು ಹೋಗಿದ್ದಾರೆ” ಅಂದರು. ಶನಿವಾರ ಆಳುಗಳು ಹೋಗುತ್ತಾರೆ. ಒಂದು ಮರ ಕುರ್ಚಿಗೆ, ಉಳಿದವು ಹೊಸ ಸಭಾಂಗಣದ ಬಾಗಿಲುಗಳಿಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನೀರಿನ ಬಾಟಲಿ ಹಂಚುತ್ತಿದ್ದ ನಾನೂ ತಟ್ಟಿಬಿಟ್ಟೆ ತಾತ, ಆಮೇಲಷ್ಟೇ ಆ ಗುರುತು ಯಾವುದು ಅಂತ ಹೊಳೆಯಿತು.

ರೇಂಜರ್ ಕೆಟ್ಟವರಲ್ಲ. ಮರಕ್ಕೆ ಬಣ್ಣ ಬಿತ್ತು ಅಂದರೆ ಕೊಡಲಿ ಬೀಳುತ್ತದೆ ಅಂತಲೇ ಎಲ್ಲ ಕಡೆ ಅರ್ಥ. ಮೊದಲ ವಾರವೇ ನಮಗೆ ಕಲಿಸಿದ್ದು ಅದು. ನಿಮ್ಮೊಬ್ಬರ ಕಾಡಿನಲ್ಲಿ ಮಾತ್ರ ತಿರುಗುಮುರುಗು. ಹಸಿ ಮರಕ್ಕೆ ಕಾನೂನಿದೆ, ಒಣಮರಕ್ಕೆ ಯಾರಿದ್ದಾರೆ ಅಂತ ನೀವು ಅವುಗಳ ಸುತ್ತ ಬಿಳಿ ಪಟ್ಟೆ ಬಳಿದು, ಅದಕ್ಕೆ ಬಳೆ ಅಂತ ಹೆಸರಿಟ್ಟಿರಿ. ಬಳೆ ತೊಟ್ಟದ್ದನ್ನು ಮುಟ್ಟಬಾರದು ಅಂತ ನಿಮ್ಮ ಗಾರ್ಡುಗಳಿಗೆ ಗೊತ್ತಿತ್ತು; ಅವರೆಲ್ಲ ರಿಟೈರ್ ಆದರು. ನನಗೆ ಗೊತ್ತಿರುವುದು ಬೋಳಣ್ಣನ ದೆಸೆಯಿಂದ. ನಿಮ್ಮಿಬ್ಬರಲ್ಲಿ ನಿಜವಾದ ಬೋಳಣ್ಣ ಯಾರು ಅಂತ ಅಜ್ಜಿ ರೇಗಿಸುತ್ತಿದ್ದರಲ್ಲ, ಆ ಮರ. ಸ್ಕೂಲಿನ ಹಾಸ್ಟೆಲಿನಿಂದ ರಜಕ್ಕೆ ಬಂದಿದ್ದಾಗ ಅದರ ಕಾಂಡಕ್ಕೆ ನನ್ನ ಕಿವಿ ಆನಿಸಿ ನಿಲ್ಲಿಸಿದ್ದಿರಿ. ಒಳಗೆ ಮರಕುಟಿಗದ ಮರಿಗಳ ಗಲಾಟೆ. “ಇದು ಸತ್ತಿದೆ ಅಂತಾರೆ. ಒಳಗೆ ಎಷ್ಟು ಸಂಸಾರ ಬಾಡಿಗೆಗಿದೆ ಕೇಳಿಸ್ಕೋ” ಅಂದಿರಿ.

ಇವತ್ತು ಬೆಳಿಗ್ಗೆ ಪ್ರಿನ್ಸಿಪಾಲ್ ಮೇಡಂ ರೂಮಿನವರೆಗೆ ಹೋಗಿ, ವಾಪಸ್ ಬಂದು, ಮತ್ತೆ ಹೋಗಿ, ಕೊನೆಗೆ ಬಾಗಿಲು ತಟ್ಟಿದೆ. ಅರ್ಧ ಇಂಗ್ಲಿಷು, ಅರ್ಧ ಅಳು, ಹೇಗೋ ಹೇಳಿ ಮುಗಿಸಿದೆ. ಅವರು ಕನ್ನಡಕ ತೆಗೆದು, “ಇದೆಲ್ಲ ನಿನಗೆ ಹೇಗಮ್ಮ ಗೊತ್ತು?” ಅಂದರು. “ಅವರು ನಮ್ಮ ತಾತ ಮೇಡಂ” ಅಂದೆ. ಕನ್ನಡಕ ಮತ್ತೆ ಹಾಕಿಕೊಂಡು, ಶುಕ್ರವಾರದೊಳಗೆ ನಿಮ್ಮಿಂದಲೇ ಒಂದು ಮಾತು ಬಂದರೆ ತಾವೇ ನಿಂತು ತಡೆಯುವುದಾಗಿ ಹೇಳಿದರು. ಫಸ್ಟ್ ಇಯರ್ ಹುಡುಗಿಯ ಮಾತು ಕೇಳಿ ಆರ್ಡರ್ ಬದಲಾಯಿಸಲು ಆಗುವುದಿಲ್ಲವಲ್ಲ, ಅದೂ ನ್ಯಾಯವೇ. ಹಾಗಾಗಿ, ಬಳೆ ಇರುವ ಮರಗಳನ್ನು ಬಿಡಬೇಕು ಅಂತ ಒಂದು ಸಾಲು ಬರೆದು ಸಹಿ ಹಾಕಿ ಚಿಕ್ಕಪ್ಪನಿಗೆ ಕೊಡಿ. ಗುರುವಾರ ಅವರು ಹಿಂದಿರುಗುತ್ತಾರೆ. ಸಿಟ್ಟಿನಲ್ಲಿ ಸನ್ಮಾನವೂ ಬೇಡ ಅಂತ ಮಾತ್ರ ಸೇರಿಸಬೇಡಿ. ಇವರಿಗೆ ನಿಮ್ಮ ಮೇಲೆ ನಿಜವಾದ ಗೌರವ ಇದೆ. ಬೇಕಾದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುತ್ತಾರೆ.

ಅಜ್ಜಿಗೂ ಅತ್ತೆಗೂ ನಮಸ್ಕಾರ ತಿಳಿಸಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ
ಗುಬ್ಬಿ

ತಾ.ಕ.: ಕಾಗದ ಇಸಿದುಕೊಳ್ಳಲು ಚಿಕ್ಕಪ್ಪ ಆಗಲೇ ಗೇಟಿನ ಹತ್ತಿರ ಬಂದು ನಿಂತಿದ್ದಾರೆ. ಒಂದು ವಿಷಯ ಹೇಳಲೋ ಬೇಡವೋ ಅಂತ ಬಿಟ್ಟಿದ್ದೆ. ಬಳೆಗಳ ಬಣ್ಣ ಮಾಸಿದೆ, ಹೊಸದಾಗಿ ಬಳಿಯಬೇಕು, ಯಾವ ಯಾವ ಮರ ಅಂತ ತೋರಿಸುವವರು ಯಾರು ಅಂತ ಮೇಡಂ ಕೇಳಿದಾಗ ‘ನಾನು’ ಅಂತ ಬಾಯಿಂದ ಬಂದುಬಿಟ್ಟಿತು. ನಿಮ್ಮ ಮಾತು ಬಂದರೆ ಶನಿವಾರ ಕಡಿಯುವವರ ಬದಲು ನಮ್ಮ ಇಡೀ ಕ್ಲಾಸು ಹೊರಡುತ್ತದೆ, ಎಲ್ಲರಿಗಿಂತ ಮುಂದೆ ನಾನು. ಆ ಕಾಡಿನಲ್ಲಿ ನಾನು ಯಾವತ್ತೂ ನಿಮ್ಮ ಬೆನ್ನು ನೋಡಿಕೊಂಡು ನಡೆದವಳೇ ಹೊರತು ದಾರಿ ನೋಡಿದವಳಲ್ಲ ತಾತ. ತೊರೆ ದಾಟಿದ ಮೇಲೆ ಎಡಕ್ಕೋ ಬಲಕ್ಕೋ? ಬೇಗ ಉತ್ತರ ಬರೆಯಿರಿ.