ಹಿಂದೆ ಸರಿಯುವವರಿಗೆ ‘ಬಾ’ ಅನ್ನುವ ಊರು

ಮಿನೋರಿ,
ಮೇ ೧೯

ಪ್ರೀತಿಯ ಅಲ್ಫೋನ್ಸಿನಕ್ಕ,

ಈಸ್ಟರಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ. ಬೈಯಬೇಕೆಂದರೆ ಬೈ, ಆದರೆ ಪೂರ್ತಿ ಓದಿದ ಮೇಲೆ. ನಿಂಬೆ ಹೂ ಬಿಟ್ಟಿತೆಂದರೆ ಪ್ರವಾಸಿಗರೂ ಬಂದರೆಂದೇ ಲೆಕ್ಕ. ಗೈಡಿಗಿರುವುದು ಒಂದೇ ಗಂಟಲು. ತೊರೀನೊದಲ್ಲಿ ಚಳಿ ಇಳಿಯಿತೇ? ಭಾವನ ಕೆಮ್ಮು?

ನಮ್ಮ ನುಂಜಿಯ ಮತ್ತು ಅವಳಪ್ಪ ಮಾತಾಡಿದರಾ ಎಂದು ನೀನು ಕೇಳಿದ್ದೆ. ಅವಳು ಊರ ಬಸ್ಸು ಓಡಿಸುವ ಕೆಲಸಕ್ಕೆ ಸೇರಿದ ದಿನ ನನ್ನ ಗಂಡ ಮಹಾಶಯ ಪಂತಾಲೆಯೊ ‘ಹೋಗು’ ಅಂದದ್ದೇ ಕೊನೆಯ ಮಾತು. ಅವಳು ಪಕ್ಕದ ಮಯೋರಿಯಲ್ಲಿ ಕೋಣೆ ಹಿಡಿದಳು. “ಅವಳಿಗೆ ಹೇಳು, ಟೈರು ನೋಡ್ಕೊಳ್ಳಲಿ,” ಅಂತ ಇವನು. “ಅಪ್ಪಂಗೆ ಹೇಳು, ಬಿ.ಪಿ. ನೋಡ್ಕೊಳ್ಳಲಿ,” ಅಂತ ಅವಳು. ಅಪ್ಪನಿಗೆ ಬಿಗುಮಾನ, ಮಗಳಿಗೆ ಸ್ವಾಭಿಮಾನ, ನನಗೆ ಎರಡೂ ಕಡೆಯ ಬಹುಮಾನ.

ಕಳೆದ ಮಂಗಳವಾರ ಬೆರ್ಗಮೊದಿಂದ ನಿವೃತ್ತ ಮೇಷ್ಟ್ರುಗಳ ಗುಂಪು ಬಂದಿತ್ತು. ಇವನು ಡ್ರೈವರು, ನಾನು ಗೈಡು. ಅಮಾಲ್ಫಿ ದಾಟಿ ಏರುತ್ತಿದ್ದೆವು. ‘ಒಂದು ಕಡೆ ಬಂಡೆ, ಒಂದು ಕಡೆ ಕಡಲು, ಇಣುಕಿದರೆ ಸಾಕು, ತಲೆಗೆ ಅಮಲು’ ಎಂಬ ನನ್ನ ಮಾಮೂಲಿ ಪ್ರಾಸ ಮೈಕಿನಲ್ಲಿ ಮುಗಿಯುವುದಕ್ಕೂ ತಿರುವಿನಲ್ಲಿ ನೀಲಿ ಬಸ್ಸು ಎದುರಾಗುವುದಕ್ಕೂ ಸರಿಹೋಯಿತು. ಸ್ಟಿಯರಿಂಗ್ ಹಿಂದೆ ನುಂಜಿಯ.

ಇಳಿಜಾರಿನಲ್ಲಿ ಬರುವ ಗಾಡಿಯೇ ಹಿಂದೆ ಸರಿಯಬೇಕು, ಅದು ರಸ್ತೆಯ ಧರ್ಮ. ಆದರೆ ಅವಳ ಹಿಂದೆ ಸ್ಕೂಟರುಗಳ ಸಂತೆ. ಯಾರಾದರೂ ಹಿಂದೆ ನಿಂತು ದಾರಿ ಹೇಳಲೇಬೇಕು. ಇವನು ಹಾರ್ನ್ ಹೊಡೆದ. ಅವಳೂ ಹೊಡೆದಳು.

“ಏನಮ್ಮಾ, ಇದೂ ಟೂರಲ್ಲೇ ಸೇರಿದೆಯಾ?” ಮುಂದಿನ ಸೀಟಿನ ಮೇಡಂ ಕೇಳಿದರು.

“ಸೇರಿದೆ ಮೇಡಂ. ಮನೆ ಜಗಳ, ಉಚಿತ.”

ಇವನ ಕಿವಿಯಲ್ಲಿ ಹೇಳಿದೆ, “ನೀನಿಳೀತೀಯೋ, ನಾನೇ ಇಳೀಲೋ?”

“ನಿಂಗೆ ಎಡ ಬಲ ಗೊತ್ತಾಗಲ್ಲ,” ಎಂದು ಗೊಣಗಿಕೊಂಡು ಇಳಿದ.

ನಾನೂ ಇಳಿದು ಮಗಳ ಕಿಟಕಿಯ ಪಕ್ಕ ನಿಂತೆ. ಇವನು ಅವಳತ್ತ ನೋಡದೆ ಹಾದುಹೋಗಿ, ಸ್ಕೂಟರು ಸರಿಸಿ, ಬಸ್ಸಿನ ಹಿಂದೆ ಕಡಲಿನ ಅಂಚಿಗೆ ನಿಂತು ಕೈಬೀಸಿದ. ಬಸ್ಸು ಅಲ್ಲಾಡಲಿಲ್ಲ. ನುಂಜಿಯ ತಲೆ ಹೊರಗೆ ಹಾಕಿದಳು.

“ಕೈ ಕಾಣ್ತಿಲ್ಲ. ಬಾಯಿ ಬಿಟ್ಟು ಹೇಳು.”

ಹಿಂದಕ್ಕೆ ತೆಗೆಯುವವರಿಗೆ ನಮ್ಮಲ್ಲಿ ಹೇಳುವ ಪದ ಒಂದೇ ಅಲ್ಲವೇ, ಅಕ್ಕ? ಆ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳಿದ. “ಹಿಂದೆ.” “ನಡಿ.” “ಸ್ವಲ್ಪ ಎಡಕ್ಕೆ.” ಅವಳು ಗೇರು ಹಾಕಲಿಲ್ಲ. ಸ್ಕೂಟರಿನವನೊಬ್ಬ ರೇಗಿದ: “ಅಣ್ಣಾ, ‘ಬಾ’ ಅನ್ನೋಕೂ ಸುಂಕ ಕಟ್ಬೇಕಾ?”

ಪಂತಾಲೆಯೊ ಗಂಟಲು ಸರಿಮಾಡಿಕೊಂಡ. “ಬಾ.”

“ಕೇಳಿಸ್ಲಿಲ್ಲ.”

“ಬಾ ಮಗಳೇ. ಬಾ… ಬಾ… ಇನ್ನೂ ಬಾ…”

ಬಸ್ಸು ಬಂಡೆಗೆ ಗೇಣು ದೂರ ಉಳಿಸಿಕೊಂಡು ಸರಾಗವಾಗಿ ಹಿಂದೆ ಸರಿಯಿತು. ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ಇವನು ಅವಳ ಕಿಟಕಿಯ ಬಳಿ ನಿಂತ.

“ಕನ್ನಡಿ ಒರೆಸ್ಕೋ. ಧೂಳು.”

“ಧೂಳೇನಿಲ್ಲಪ್ಪ. ನಿನ್ನ ಕೈ ಚೆನ್ನಾಗೇ ಕಾಣ್ತಿತ್ತು.”

ಇವನು ಆದರೂ ಅಂಗಿಯ ತೋಳಿನಿಂದ ಕನ್ನಡಿ ಒರೆಸುತ್ತಾ, “ಭಾನುವಾರ ನಿಮ್ಮಮ್ಮ ಅಡುಗೆ ಜಾಸ್ತಿ ಮಾಡ್ತಾಳೆ. ದಂಡ ಆಗುತ್ತೆ,” ಅಂದ.

ಅವಳು ಬಂದಿದ್ದಳು, ಅಕ್ಕ. ರಿಕೊತ್ತ ಗಿಣ್ಣು ತುಂಬಿದ ಕಡುಬು ಮೂರು ಸಲ ಬಡಿಸಿಕೊಂಡಳು. ಊಟದುದ್ದಕ್ಕೂ ಇಬ್ಬರದೂ ಬ್ರೇಕಿನದೇ ಮಾತು. ಇಷ್ಟು ಚಂದದ ಬೇಸರದ ಮಾತು ನಾನು ಕೇಳಿಯೇ ಇರಲಿಲ್ಲ.

ನನಗೆ ಹೆಸರು ಕೊಟ್ಟ ನಮ್ಮೂರ ಕಾವಲು ಸಂತಮ್ಮ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ಅವಳು ನನ್ನಷ್ಟು ತಡ ಮಾಡುವವಳಲ್ಲ.

ನಿನ್ನ
ತ್ರೊಫಿಮೆನ

ಮರೆತ ಮಾತು: ಮರೆತದ್ದಲ್ಲ, ಯಾವ ತಿರುವು ಎಂದು ಬರೆಯಲು ಕೈ ಬರಲಿಲ್ಲ. ನಮ್ಮ ಅನಿಯೆಲ್ಲೊ ಬೈಕಿನ ಸಮೇತ ಕಡಲಿಗೆ ಬಿದ್ದ ತಿರುವೇ. ಮಗ ಹೋದಮೇಲೆ ಇವನು ದಿನಾ ಅಲ್ಲಿ ಹಾದಿದ್ದಾನೆ, ಒಮ್ಮೆಯೂ ಇಳಿದವನಲ್ಲ. ಮಗಳಿಗೆ ಸ್ಟಿಯರಿಂಗ್ ಬೇಡವೆಂದದ್ದು ಸಿಟ್ಟಿನಿಂದಲ್ಲ, ಭಯದಿಂದ ಎಂದು ನೀನು ಅಂದೇ ಹೇಳಿದ್ದೆ. ಮಂಗಳವಾರ ಕಡಲಿಗೂ ಅವಳ ಬಸ್ಸಿಗೂ ನಡುವೆ ತಾನೇ ಗೋಡೆಯಂತೆ ನಿಂತಿದ್ದ. ಸಂಜೆ ಬೂಟು ಬಿಚ್ಚುತ್ತಾ, ಎಷ್ಟೋ ವರ್ಷದಿಂದ ಬಾಯಲ್ಲಿ ಬಾರದ ಹೆಸರನ್ನು ಹೇಳಿದ: “ಅನಿಯೆಲ್ಲೊಗಿಂತ ಇವಳೇ ವಾಸಿ ಕಣೇ, ಗಾಡಿ ಹಿಂದಕ್ಕೆ ತೆಗೆಯೋದರಲ್ಲಿ.”