ಸೈನ್ ಮಾಡುವ ಸಂಬಳ

9-8-2004, ಸೋಮವಾರ

ಭೀಮಬಾಯಿ ಮಿಸ್ ಇವತ್ತೂ ದೇವಸಂದ್ರದಲ್ಲಿ ಬಸ್ ಹತ್ತಲಿಲ್ಲ. ಕಿಟಕಿಯಿಂದ ನೋಡಿದೆ. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಊಟದ ಚೀಲ, ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ಜಾಮ್‌ನಲ್ಲಿ ಬಸ್ಸಿಗಿಂತ ಅವರೇ ಮುಂದೆ. ಟಿನ್ ಫ್ಯಾಕ್ಟರಿಯಲ್ಲಿ ನನ್ನದೇ ಬಸ್ಸಿಗೆ ಹತ್ತಿ, ಬೆವರು ಒರೆಸಿಕೊಂಡು, 'ವಾಕಿಂಗ್ ಆಯ್ತು ನೋಡು' ಎಂದರು. ನಕ್ಕೆ. ಏನಾದರೂ ಹೇಳಬೇಕಿತ್ತು. ಹೊಳೆಯಲಿಲ್ಲ. ಹಲಸೂರಿನಲ್ಲಿ ಇಬ್ಬರೂ ಇಳಿದು ಸ್ಕೂಲಿಗೆ ನಡೆದೆವು.

ಅವರ ಸ್ಕೂಲಿನಲ್ಲಿ ನನ್ನದು ಎರಡನೇ ವಾರ. ಕನ್ನಡದ ಮಿಸ್ ಹೆರಿಗೆಗೆ ಹೋಗಿದ್ದಾರೆ, ಅವರು ಬರುವವರೆಗೆ ನಾನು. ಮಾತಾಡಿ ಕೊಡಿಸಿದ್ದು ಭೀಮಬಾಯಿ ಮಿಸ್ಸೇ. ದೊಡ್ಡಪ್ಪನ ಐದು ಬಾಡಿಗೆ ಮನೆಗಳಲ್ಲಿ ಕೊನೆಯದರಲ್ಲಿ ಒಬ್ಬರೇ ಇರುತ್ತಾರೆ.

ಸಂಜೆ ಅವರು ನಡೆದು ಹೋದದ್ದನ್ನು ಹೇಳಿದ್ದೇ ತಪ್ಪಾಯಿತು. ದೊಡ್ಡಮ್ಮ ಶುರು ಮಾಡಿದರು. 'ಏಳ್ ಸಾವ್ರ ಬಂದ್ರೂ ಬಸ್ಸಿಗ್ ಕೊಡಕ್ಕೆ ಕೈ ಬರಲ್ಲ ಆಯಮ್ಮಂಗೆ. ಮೇಲೆ ಟ್ಯೂಷನ್ ಬೇರೆ. ಹೋಗೋವಾಗ ಹೊತ್ಕಂಡ್ ಹೋಗ್ತಾಳಾ?'

12-8-2004

ದೊಡ್ಡಪ್ಪ ಬ್ಯಾಂಕಿಗೆ ಹೋಗಿ ಬಂದರು. ಬಿ.ಎಡ್.ಗೆ ಸಾಲ ಸಿಗುತ್ತದಂತೆ, ಅವರು ಜಾಮೀನು ನಿಂತರೆ. ನನ್ನ ಮಾರ್ಕ್ಸಿಗೆ ಸರ್ಕಾರಿ ಸೀಟು ಬರಲಿಲ್ಲ. ಮ್ಯಾನೇಜ್‌ಮೆಂಟ್ ಸೀಟು ನಲವತ್ತೆಂಟು ಸಾವಿರ. ಅಪ್ಪ ಹೋದ ಮೇಲೆ ಬಿ.ಎ.ವರೆಗೆ ಓದಿಸಿದ್ದು ದೊಡ್ಡಪ್ಪನೇ. ಈಗ ಇದು. ಹೊಲ ರಿಂಗ್ ರೋಡಿಗೆ ಹೋದಾಗ ಬಂದ ಪರಿಹಾರದ ಡಿಪಾಸಿಟ್ಟನ್ನು ಬ್ಯಾಂಕಿನವರು ಹಿಡಿದಿಟ್ಟುಕೊಳ್ಳುತ್ತಾರೆ, ನಾನು ಸಾಲ ತೀರಿಸುವ ತನಕ.

ಊಟಕ್ಕೆ ಕೂತಾಗ ಲೆಕ್ಕ. 'ಭೀಮಬಾಯಿ ಮಿಸ್ಸಿಗೆ ಏಳು ಬತ್ತದೆ. ನಿಂಗೆ ಐದಾದ್ರೂ ಬರಕಿಲ್ವಾ? ಮೂರ್ ವರ್ಷಕ್ಕೆ ಸಾಲ ತೀರೋಯ್ತದೆ. ಆಮ್ಯಾಕೆ ಮದುವೆ.'

ಸುನಿಲಣ್ಣ ಅನ್ನ ಕಲಸುತ್ತಾ, 'ಅಪ್ಪಾ, ನಲವತ್ತೆಂಟು ಕೊಟ್ಟು ಐದಕ್ಕೆ ಕಳಿಸ್ತೀಯಾ? ದೊಮ್ಮಲೂರಲ್ಲಿ ನಮ್ ಫ್ರೆಂಡ್ ಕಂಪನೀಲಿ ಬಿ.ಎ.ಗೇ ಏಳೂವರೆ. ಒಂದ್ ರೂಪಾಯಿ ಖರ್ಚಿಲ್ಲ.'

'ಮೇಡಂ ಅಂದ್ರೆ ಮರ್ಯಾದೆ ಕಣ್ಲಾ.'

'ಮರ್ಯಾದೆ ತಗೊಂಡ್ ರೇಷನ್ ಅಂಗಡೀಲಿ ಕೊಟ್ರೆ ಸಕ್ಕರೆ ಕೊಡ್ತಾನಾ?'

ನನ್ನನ್ನು ಯಾರೂ ಕೇಳಲಿಲ್ಲ. ಆಮೇಲೆ ನಾನೂ ಲೆಕ್ಕ ಹಾಕಿದೆ. ಐದು ಬಂದರೆ ಕಂತು ಕಟ್ಟಿ, ಮನೆಗೂ ಕೊಟ್ಟು, ತಿಂಗಳಿಗೊಂದು ಪುಸ್ತಕ ಕೊಳ್ಳಬಹುದು.

13-8-2004

ಆರನೇ ಕ್ಲಾಸು. ಅರ್ಧ ಮಕ್ಕಳ ಮನೆಯಲ್ಲಿ ತಮಿಳು, ಕಾಲುಭಾಗದವರ ಮನೆಯಲ್ಲಿ ಉರ್ದು. ಮೊದಲ ಬೆಂಚಿನ ಒಬ್ಬಳು ಎದ್ದು ನಿಂತಳು.

'ಮಿಸ್, ನೀವು ಬೈಯಲ್ವಾ?'

'ಬೈತೀನಿ.'

'ಯಾವಾಗ ಮಿಸ್?'

'ಶುಕ್ರವಾರ.'

'ಇವತ್ತು ಶುಕ್ರವಾರ ಮಿಸ್.'

ಇಡೀ ಕ್ಲಾಸು ನಕ್ಕಿತು. ನಾನೂ. ಪಾಠದಲ್ಲಿ ಸಂತೆ ಬಂತು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಏನೇನು ಕೂಗುತ್ತಾರೆ ಹೇಳಿ ಎಂದೆ. ಮೂರು ಭಾಷೆಯಲ್ಲಿ ಕೂಗಿದರು. ಬೋರ್ಡಿನ ಮೇಲೆ ಎಲ್ಲವನ್ನೂ ಕನ್ನಡದಲ್ಲಿ ಬರೆದೆವು. ಬೆಲ್ ಆದದ್ದೇ ತಿಳಿಯಲಿಲ್ಲ. ನಲವತ್ತು ನಿಮಿಷ ನಾನೇ ಮಾತಾಡಿದ್ದೆ, ಒಮ್ಮೆಯೂ ತಡವರಿಸದೆ.

ಹೊರಗೆ ಬಂದು ಸ್ಟಾಫ್ ರೂಮಿನಲ್ಲಿ ಕೂತೆ. ಮತ್ತೆ ಅದೇ ನಾನು. ಯಾರೋ ಟೀ ಬೇಕಾ ಎಂದರು, ಬೇಕಿದ್ದರೂ ಬೇಡ ಎಂದೆ.

21-8-2004, ಶನಿವಾರ ಸಂಜೆ

ಸುನಿಲಣ್ಣನ ಕಾಟ ತಡೆಯಲಾರದೆ ದೊಮ್ಮಲೂರಿಗೆ ಹೋಗಿ ಬಂದೆ. ಗಾಜಿನ ಕಟ್ಟಡ, ಒಳಗೆ ಚಳಿ. ನಿಮ್ಮ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ ಎಂದರು. ಹೆಸರು ಹೇಳಿದೆ, ಊರು ಹೇಳಿದೆ. ಮುಂದೆ ಏನೂ ಬರಲಿಲ್ಲ. ಎದುರಿನವನು ಪೆನ್ನನ್ನು ಮೇಜಿಗೆ ಬಡಿಯುತ್ತಾ ಕಾದ. ಆಮೇಲೆ ಬರೆಯುವ ಪರೀಕ್ಷೆ, ಟೈಪಿಂಗ್. ಅದರಲ್ಲಿ ಪಾಸು. ವಿದೇಶದ ಇನ್ಶೂರೆನ್ಸ್ ಕಾಗದಗಳನ್ನು ನೋಡಿ ಟೈಪ್ ಮಾಡುವ ಕೆಲಸ. ಏಳೂವರೆ ಸಾವಿರ, ಅಕ್ಟೋಬರ್ ಒಂದರಿಂದ.

ಅಲ್ಲಿದ್ದ ಹುಡುಗಿ ಒಳ್ಳೆಯವಳು. 'ಡೋಂಟ್ ವರಿ, ಇಲ್ಲಿ ಯಾರ ಜೊತೇನೂ ಮಾತಾಡೋ ಅಗತ್ಯನೇ ಬರಲ್ಲ' ಎಂದಳು.

'ನಿಂಗೇ ಹೇಳಿ ಮಾಡಿಸಿದ ಕೆಲಸ ಕಣೇ' ಎಂದ ಸುನಿಲಣ್ಣ.

ನಿಜ. ವರ್ಷವಿಡೀ ಬಾಯಿ ತೆರೆಯದೆ ಇದ್ದುಬಿಡಬಹುದು. ಅದೇ ಭಯ.

3-9-2004, ಶುಕ್ರವಾರ

ಇವತ್ತು ಸಂಬಳ. ಒಬ್ಬೊಬ್ಬರೇ ಆಫೀಸಿಗೆ ಹೋಗಿ ಸೈನ್ ಮಾಡಿ ಕವರ್ ತಂದರು. ಲೀವ್‌ಗೆ ಬಂದ ನನಗೆ ಸೈನ್ ಇಲ್ಲ, ಕವರ್ ಅಷ್ಟೇ. ಸಮಾಜದ ಮಿಸ್ ನನ್ನನ್ನು ಕೇಳಿದರು, 'ಮುಂದೆ ಏನಮ್ಮ?' ಎಲ್ಲರೂ ನನ್ನ ಕಡೆ ತಿರುಗಿದರು. ಮನೆಯಲ್ಲಿ ದಿನಾ ಕೇಳಿದ ಲೆಕ್ಕವೇ ಬಾಯಿಗೆ ಬಂತು. 'ಬಿ.ಎಡ್. ಮಾಡ್ತೀನಿ. ಸಾಲ ತಗೊಂಡು. ಭೀಮಬಾಯಿ ಮಿಸ್ಸಿಗೆ ಏಳು ಸಾವಿರ ಬರುತ್ತಲ್ಲ, ನನಗೆ ಐದು ಬಂದ್ರೂ...'

ಒಬ್ಬರು ಎಣಿಸುತ್ತಿದ್ದ ನೋಟುಗಳನ್ನು ತಿರುಗಿ ಕವರಿಗೆ ಹಾಕಿದರು. ಆಮೇಲೆ ಸಮಾಜದ ಮಿಸ್ ನಕ್ಕುಬಿಟ್ಟರು. 'ಏಳಾ? ಭೀಮಾ ಮಿಸ್, ಬಚ್ಚಿಟ್ಟಿದ್ದೀರಲ್ಲ, ನಮಗೂ ಒಂದಿಷ್ಟು ಕೊಡ್ರೀ.' ಭೀಮಬಾಯಿ ಮಿಸ್ ಕವರನ್ನು ಪರ್ಸಿಗೆ ಹಾಕಿ ಜಿಪ್ ಎಳೆದರು. ಕಿವಿ ಕೆಂಪಾಗಿತ್ತು.

ಬಸ್ ಸ್ಟಾಪಿನಲ್ಲಿ ಅವರೇ ಮಾತು ತೆಗೆದರು.

'ಸೈನ್ ಮಾಡೋದು ಏಳಕ್ಕೇ ಕಣಮ್ಮ. ಇನ್‌ಸ್ಪೆಕ್ಷನ್‌ಗೆ ತೋರಿಸ್ಬೇಕಲ್ಲ. ಕೈಗೆ ಬರೋದು ಮೂರು.'

'ಯಾವಾಗಿಂದ ಮಿಸ್?'

'ಸೇರಿದಾಗಿಂದ. ಹೊಸದಾಗಿ ಬಿ.ಎಡ್. ಮಾಡ್ಕೊಂಡು ಬಂದೋರಿಗೆ ಎರಡೂಕಾಲು ಕೊಡ್ತಾರೆ.'

'ಬೇರೆ ಸ್ಕೂಲು...'

'ಒಂದು ನೋಡಿದೆ. ಅಲ್ಲಿ ಎಂಟಕ್ಕೆ ಸೈನ್ ಹಾಕಿಸ್ಕೊಂಡು ಮೂರು ಕೊಡ್ತೀವಿ ಅಂದ್ರು.'

ತಮಾಷೆಯೇ ಇರಬೇಕು. ನಗು ಬರಲಿಲ್ಲ. ಅವರು ರಸ್ತೆ ನೋಡುತ್ತಾ ಮುಂದುವರಿಸಿದರು. 'ಮನೆ ಕೇಳೋಕೆ ಬಂದಾಗ ನಿಮ್ ದೊಡ್ಡಪ್ಪ ಸಂಬಳ ಕೇಳಿದ್ರು. ಒಂಟಿ ಹೆಂಗಸು, ಬಾಡಿಗೆ ಕಟ್ತಾಳೋ ಇಲ್ವೋ ಅಂತ ಅವರಿಗೆ. ಏಳು ಅಂದೆ. ಒಂದು ತಿಂಗಳೂ ತಪ್ಪಿಸಿಲ್ಲ ನಾನು.'

ಇಬ್ಬರೂ ಬಸ್ಸು ಬರುವ ಕಡೆಯೇ ನೋಡಿದೆವು.

'ನೀನು ಕೇಳಿದ್ರೆ ಮೊದಲೇ ಹೇಳ್ತಿದ್ದೆ ಸುಕನ್ಯ. ನೀನು ಏನೂ ಕೇಳೋದೇ ಇಲ್ಲ.'

ದೊಡ್ಡಪ್ಪನಿಗೆ ಹೇಳಬೇಡ ಎನ್ನಲಿಲ್ಲ. ಅಂದಿದ್ದರೆ ಸುಲಭವಾಗುತ್ತಿತ್ತು.

10-9-2004

ವಾರದಿಂದ ಬರೆದಿಲ್ಲ. ಮೂರನೇ ಮನೆಯ ಅಮೃತಪ್ಪನಿಗೆ ಖಾಲಿ ಮಾಡಲು ಹೇಳಿದ್ದಾರೆ ದೊಡ್ಡಪ್ಪ. ಎರಡು ತಿಂಗಳ ಬಾಡಿಗೆ ಬಾಕಿ. 'ಮೊದ್ಲೇ ಅವನ ಸಂಬಳ ಸರಿಯಾಗಿ ವಿಚಾರಿಸ್ಬೇಕಾಗಿತ್ತು. ಭೀಮಬಾಯಿ ಮಿಸ್ ನೋಡು, ಏಳು ಅಂದ್ರು, ಏಳು. ಚಿಂತಿಲ್ಲ.'

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಬ್ಯಾಂಕಿಗೆ ಮಂಗಳವಾರ. ಎರಡೂಕಾಲು ಬಂದರೆ, ಕಂತು ಹೋಗಿ ಬಸ್ ಪಾಸಿಗೆ ಉಳಿಯಬಹುದು, ಅಷ್ಟೇ. ನಾನು ಕಟ್ಟದಿದ್ದರೆ ದೊಡ್ಡಪ್ಪನ ಡಿಪಾಸಿಟ್ಟಿಗೆ ಕೈ ಹಾಕುತ್ತಾರೆ. ಸುಮ್ಮನಿದ್ದರೆ ಅವರು ನಂಬಿಕೊಂಡು ಸೈನ್ ಮಾಡುತ್ತಾರೆ. ನಿಜ ಹೇಳಿದರೆ ಭೀಮಬಾಯಿ ಮಿಸ್ ಇರುವ ಕೊನೆಯ ಮನೆಯೂ ಖಾಲಿಯಾಗಬಹುದು.

ಹೇಳಿಕೊಳ್ಳಲು ಯಾರಿದ್ದಾರೆ? ಕಾಲೇಜಿನ ಗೆಳತಿಯರ ಫೋನ್ ನಂಬರ್ ಎರಡಿವೆ. ಒಂದು ಬದಲಾಗಿದೆಯಂತೆ. ಇನ್ನೊಂದನ್ನು ಅವಳ ಗಂಡ ಎತ್ತಿದ. ಇಟ್ಟುಬಿಟ್ಟೆ.

13-9-2004, ಸೋಮವಾರ

ಹೆಡ್ ಮಿಸ್ ಕರೆದರು. ಹೆರಿಗೆಗೆ ಹೋದವರು ಮತ್ತೆ ಬರುವುದಿಲ್ಲವಂತೆ.

'ಕಂಟಿನ್ಯೂ ಮಾಡ್ತೀರಾ? ಬಿ.ಎಡ್. ಇಲ್ಲದೋರಿಗೆ ಸಾವಿರದ ಎಂಟುನೂರು.'

'ಸೈನ್ ಎಷ್ಟಕ್ಕೆ ಮೇಡಂ?'

ನನ್ನ ಬಾಯಿಂದಲೇ ಬಂತು. ಕನ್ನಡಕದ ಮೇಲಿಂದ ನೋಡಿದರು. 'ನಾಲ್ಕಕ್ಕೆ' ಎಂದರು. ಬೈಯಲಿಲ್ಲ. ಇನ್ನೊಂದನ್ನೂ ಕೇಳಿದೆ, ಕರೆಸ್ಪಾಂಡೆನ್ಸ್ ಬಿ.ಎಡ್. ಬಗ್ಗೆ. ಎರಡು ವರ್ಷ ಪಾಠ ಮಾಡಿದ ಸರ್ಟಿಫಿಕೇಟ್ ಇದ್ದರೆ ಸೇರಬಹುದಂತೆ. ಸರ್ಟಿಫಿಕೇಟ್ ಕೊಡುತ್ತೇನೆ ಎಂದರು. ಫೀಸನ್ನು ಸಂಬಳದಲ್ಲೇ ಕೂಡಿಡಬಹುದು, ಬಿಗಿ ಹಿಡಿದರೆ. ಸಾಲ ಬೇಕಿಲ್ಲ. ಕಾಲೇಜೂ ಇಲ್ಲ, ಜೊತೆಗೆ ಓದುವವರೂ ಇಲ್ಲ. ಪೋಸ್ಟಿನಲ್ಲಿ ಬರುವ ಪಾಠಗಳನ್ನು ಒಬ್ಬಳೇ ಕೂತು ಓದುವುದು.

ನಾಳೆ ಹೇಳುತ್ತೇನೆ ಎಂದು ಬಂದೆ.

14-9-2004, ಬೆಳಿಗ್ಗೆ ಒಂಬತ್ತು

ದೊಡ್ಡಪ್ಪ ಬಿಳಿ ಶರ್ಟ್ ಹಾಕಿ ಸ್ಕೂಟರ್ ಒರೆಸುತ್ತಿದ್ದಾರೆ. ಬ್ಯಾಂಕ್ ಹತ್ತಕ್ಕೆ.

ಸೈನ್ ಮಾಡುವುದು ಬೇಡ ಎಂದು ಹೇಳಬೇಕು. ದೊಮ್ಮಲೂರಿಗೂ ಹೋಗುವುದಿಲ್ಲ. ಹಲಸೂರಿನಲ್ಲೇ ಇರುತ್ತೇನೆ, ಸಾವಿರದ ಎಂಟುನೂರಕ್ಕೆ. ಯಾಕೆ ಎಂದು ಕೇಳುತ್ತಾರೆ. ಬಿ.ಎಡ್. ಮಾಡಿದರೆ ಏಳರ ತನಕ ಹೋಗುವ ಕೆಲಸ, ಎದುರಿಗೇ ಇದ್ದಾರಲ್ಲ ಭೀಮಬಾಯಿ ಮಿಸ್ ಎನ್ನುತ್ತಾರೆ. ಅದಕ್ಕೆ ಇರುವುದು ಒಂದೇ ಉತ್ತರ. ಅದನ್ನು ಹೇಳುವುದು ನನ್ನ ಕೆಲಸವಲ್ಲ.

ಸಾಲ ಅಂದರೆ ಭಯ ದೊಡ್ಡಪ್ಪ ಎನ್ನುತ್ತೇನೆ. ತಕ್ಷಣ ನಂಬುತ್ತಾರೆ. ಚಿಕ್ಕಂದಿನಿಂದ ನೋಡಿದ್ದಾರಲ್ಲ. ಪುಕ್ಕಲಿ, ಇಷ್ಟು ಓದಿಸಿದ್ದೂ ದಂಡ ಎನ್ನುತ್ತಾರೆ. ಸುನಿಲಣ್ಣ ತಿಂಗಳುಗಟ್ಟಲೆ ನಗುತ್ತಾನೆ. ದೊಡ್ಡಮ್ಮ ಬೀದಿಯವರಿಗೆಲ್ಲ ಹೇಳುತ್ತಾರೆ. ಅದು ಕೊನೆಯ ಮನೆಗೂ ಮುಟ್ಟುತ್ತದೆ.

ಮುಟ್ಟಲಿ. ಹೆದರಿದಳು ಅಂತಲೇ ಇರಲಿ.

ಹಾರ್ನ್ ಹೊಡೆಯುತ್ತಿದ್ದಾರೆ. ಹನ್ನೊಂದಕ್ಕೆ ಆರನೇ ಕ್ಲಾಸು. ಅಷ್ಟರೊಳಗೆ ಹೇಳಿ ಬಸ್ ಹಿಡಿಯಬೇಕು.